ಪದ ಭಾಗವತರದು, ಅರ್ಥ ಯಾರದು? ಮೇಜಿನ ಆಟದಲ್ಲಿ ನಿರೂಪಣೆಯ ಮಿತಿ

ಚೇರಂಬಾಡಿಯಿಂದ ಮಾತಾಡ್ತಿದ್ದೇನೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾಯಿತು. ಇಂಥ ಆಟದಲ್ಲಿ ಒಬ್ಬರು ಸನ್ನಿವೇಶ ಹೇಳುತ್ತಾರೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳಿ ದಾಳ ಹಾಕುತ್ತಾರೆ. ನಿರೂಪಕರು ಚುಟುಕಾಗಿ ಮಾತಾಡಬೇಕು ಅನ್ನೋದು ಹಳೇ ಸಲಹೆ. ಯಾಕೆ ಅಂದ್ರೆ, ಕೇಳುವವರಿಗೆ ಬೇಸರ ಆಗುತ್ತೆ ಅಂತಾರೆ. ಈ ಕಾರಣ ಸಾಲದು ಎಂಬುದು ನನ್ನ ವಾದ.

ನಮ್ಮಲ್ಲಿ ಇದಕ್ಕೆ ಹತ್ತಿರದ ಕಲೆ ಕರಾವಳಿ-ಕಾಸರಗೋಡಿನ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಆಶುವಾಗಿ ಮಾತು ಕಟ್ಟುತ್ತಾರೆ. 'ವಾಲಿವಧೆ'ಯಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಪದಗಳು ಚಿಕ್ಕವು, ಅದರ ಅರ್ಥ ಮಾತ್ರ ದೀರ್ಘ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಅಂಥ ಪದಗಳಿಂದ ವಾದವನ್ನು ಬೆಳೆಸಿಯೇ. ಅಂದ್ರೆ, ಪದದ ಮಿತಿ ಬೇಸರ ತಪ್ಪಿಸೋಕೆ ಇರುವುದಲ್ಲ. ಮುಂದಿನ ಮಾತು ಇನ್ನೊಬ್ಬರದು ಅನ್ನೋ ಒಪ್ಪಂದ ಅದರಲ್ಲಿದೆ. ಹಾಗೆಯೇ ಮೇಜಿನ ಆಟದ ನಿರೂಪಕರು ಆಟಗಾರರ ಭಯ, ನಿರ್ಧಾರ, ಪಶ್ಚಾತ್ತಾಪಗಳನ್ನೂ ತಾವೇ ವರ್ಣಿಸಿದರೆ, ಅರ್ಥವನ್ನೂ ತಾವೇ ಹೇಳಿದ ಭಾಗವತರಾಗುತ್ತಾರೆ.

ಆದರೆ ಈ ಹೋಲಿಕೆಗೂ ಒಂದು ಗಡಿ ಇದೆ. ವಾಲಿಯ ಕತೆ ಸಭೆಗೆ ಮೊದಲೇ ಗೊತ್ತು, ಅದರ ಕೊನೆಯೂ ಬದಲಾಗೋದಿಲ್ಲ. ಆಟದಲ್ಲಿ ಲೋಕ ಹೊಸದು, ಕೊನೆ ಆಟಗಾರರ ಕೈಲಿದೆ. ಹಾಗಾಗಿ ಭಾಗವತರು ಬಿಡಬಹುದಾದದ್ದನ್ನು ನಿರೂಪಕರು ಬಿಡುವಂತಿಲ್ಲ. ನಮ್ಮೂರಿನದೇ ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ: "ಕತ್ತಲಾಗ್ತಿದೆ. ಚಹಾ ತೋಟದ ದಾರಿಗೆ ಅಡ್ಡಲಾಗಿ ಆನೆ ನಿಂತಿದೆ. ಅದರ ಹಿಂದೆ ಮರಿ. ಏನ್ ಮಾಡ್ತೀರಿ?" ಇಷ್ಟು ಸಾಕು. ಮಂಜು, ಸಿಲ್ವರ್ ಓಕ್ ಮರ, ಜೀರುಂಡೆ ಸದ್ದು ಬಿಟ್ಟರೂ ಆಟಕ್ಕೆ ನಷ್ಟವಿಲ್ಲ. ಮರಿಯನ್ನು ಬಿಟ್ಟರೆ ಮಾತ್ರ ಆಟಗಾರರಿಗೆ ಮೋಸ. ಮರಿ ಇರುವ ಆನೆಯ ಹತ್ತಿರ ಹೋಗೋದು ಬೇರೆಯೇ ನಿರ್ಧಾರ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಆ ಮಾಹಿತಿ ಇಲ್ಲದೆ ಅವರು ಮಾಡೋದು ಆಯ್ಕೆಯಲ್ಲ, ಬರೀ ಊಹೆ.

ಆದ್ದರಿಂದ ನಿರೂಪಣೆಯನ್ನು ವಿಮರ್ಶಿಸುವಾಗ ವಾಕ್ಯ ಎಣಿಸುವುದಕ್ಕಿಂತ ಎರಡು ಪ್ರಶ್ನೆ ಕೇಳೋಣ. ನಿರ್ಧಾರಕ್ಕೆ ಬೇಕಾದದ್ದೆಲ್ಲ ಆಟಗಾರರಿಗೆ ತಲುಪಿತೇ? ನಿರ್ಧಾರ ಅವರಿಗೇ ಉಳಿಯಿತೇ? ಎರಡಕ್ಕೂ ಹೌದು ಅನ್ನುವಂತಿದ್ದರೆ ನಿರೂಪಣೆ ಹತ್ತು ವಾಕ್ಯವಾದರೂ ಅದು ಮಿತವೇ.