ಗುಳ್ಳೆಯ ಸದ್ದಿಗೆ ಕಿವಿಗೊಟ್ಟವರು

ಆಕಾಶದ ಗದ್ದಲ ತಪ್ಪಿಸಿಕೊಳ್ಳಲು ಪಾತಾಳಕ್ಕಿಳಿಯುವ ಉಪಾಯ ಕನ್ನಡನಾಡಿಗೆ ಹಳೆಯದು. 1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಕಪ್ಪು ದ್ರವ್ಯವನ್ನು ಹುಡುಕುವವರೂ ಗಣಿಗಳನ್ನೇ ನೆಚ್ಚಿದ್ದಾರೆ. ಆದರೆ ಬಂಡೆ ತಡೆಯುವುದು ಮೇಲಿನಿಂದ ಬರುವ ಕಣಗಳನ್ನು ಮಾತ್ರ. ಉಪಕರಣದೊಳಗೇ ಸೇರಿಕೊಂಡ ರೇಡಾನ್ ಉಗುಳುವ ಆಲ್ಫಾ ಕಣಗಳನ್ನು ಏನು ಮಾಡುವುದು?

ಕೆನಡಾದ ಗಣಿ-ಪ್ರಯೋಗಾಲಯ ಸ್ನೋಲ್ಯಾಬ್‌ನಲ್ಲಿ ಕಪ್ಪು ದ್ರವ್ಯ ಹುಡುಕುವ ಪಿಕೊ ಪ್ರಯೋಗದ ದ್ರವ, ಕುದಿಯುವ ಬಿಸಿ ದಾಟಿದರೂ ಕುದಿಯದೆ ಕಾದಿರುತ್ತದೆ. ಕಪ್ಪು ದ್ರವ್ಯದ ಕಣದಿಂದ ಒಂದು ಪರಮಾಣು ಬೀಜಕ್ಕೆ ಪೆಟ್ಟು ಬಿದ್ದರೆ ಸಾಕು, ಗುಳ್ಳೆ ಏಳುತ್ತದೆ. ಆಲ್ಫಾ ಹಾದರೂ ಗುಳ್ಳೆಯೇ. ಕ್ಯಾಮೆರಾಕ್ಕೆ ಎರಡೂ ಒಂದೇ.

ಕಿವಿಗೆ ಹಾಗಲ್ಲ! ಪಿಕೊಗೆ ಮುಂಚಿನ ಪಿಕಾಸೊ ತಂಡ 2008ರಲ್ಲಿ ಈ ವ್ಯತ್ಯಾಸವನ್ನು ಪ್ರಕಟಿಸಿತು. ಪೆಟ್ಟು ತಿಂದ ಬೀಜ ಒಂದೇ ಬಿಂದುವಿನಲ್ಲಿ ಗುಳ್ಳೆ ಎಬ್ಬಿಸಿದರೆ, ಆಲ್ಫಾ ತನ್ನ ಉದ್ದನೆಯ ಹಾದಿಯುದ್ದಕ್ಕೂ ಹಲವು ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ ಜೋರಾಗಿ ಸದ್ದು ಮಾಡುತ್ತದೆ. ಪಂಚಮಿಗೆ ಸೈದಾಪುರದ ಮನೆಯಲ್ಲಿ ಜೋಳದ ಅಳ್ಳು ಹುರಿಯುವಾಗ, ಒಂದು ಕಾಳು ಸಿಡಿಯುವುದಕ್ಕೂ ಹಲವು ಒಟ್ಟಿಗೆ ಸಿಡಿಯುವುದಕ್ಕೂ ಇರುವ ವ್ಯತ್ಯಾಸ ನೋಡದೆಯೇ ತಿಳಿಯುತ್ತದಲ್ಲ, ಹಾಗೆ. ಪಾತ್ರೆಗೆ ಅಂಟಿಸಿದ ಪೀಜೋ ಸಂವೇದಕಗಳು ಈ ಕಂಪನವನ್ನು ವಿದ್ಯುತ್ತಾಗಿಸುತ್ತವೆ. ಇಷ್ಟು ಸರಳ ಸಾಧನದಿಂದ ಇಷ್ಟು ನಾಜೂಕಿನ ವಿಂಗಡಣೆ! ಭೌತವಿಜ್ಞಾನದ ಅತ್ಯಂತ ಸುಂದರ ಕುಶಲತೆಗಳಲ್ಲಿ ಇದೊಂದು.

52 ಕಿಲೋ ದ್ರವ ತುಂಬಿದ ಪಿಕೊ-60, 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕಪ್ಪು ದ್ರವ್ಯದ್ದೆನ್ನಬಹುದಾದ ಒಂದೂ ಗುಳ್ಳೆ ಉಳಿಯಲಿಲ್ಲ. ಸೋಸುವಿಕೆ ಅಷ್ಟು ಶುದ್ಧ. ಪಿಕೊದಲ್ಲಿ ಪಾಲ್ಗೊಂಡಿರುವ ಕೋಲ್ಕತ್ತದ ಸಾಹಾ ಸಂಸ್ಥೆ, ಜಾರ್ಖಂಡ್‌ನ ಜಾದುಗುಡ ಯುರೇನಿಯಂ ಗಣಿಯಲ್ಲಿ, ಸುಮಾರು 550 ಮೀಟರ್ ಆಳದಲ್ಲಿ, ಇದೇ ತತ್ವದ, ದ್ರವವನ್ನು ಹನಿಗಳಾಗಿ ಹಿಡಿದಿಟ್ಟ ಶೋಧಕಗಳನ್ನು ಇಳಿಸಿದೆ.