ಹೊಸ ವಿಳಾಸ, ಹಳೆಯ ಹೊಣೆ

2025ರ ಫೆಬ್ರುವರಿ 7ರಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಹಣಕಾಸು ನೀತಿ ಪ್ರಕಟಿಸಿದಾಗ ಎಲ್ಲರ ಕಣ್ಣೂ ರೆಪೊ ದರದ ಮೇಲಿತ್ತು. ಅದೇ ಹೇಳಿಕೆಯಲ್ಲಿ ಇನ್ನೊಂದು ಘೋಷಣೆಯೂ ಇತ್ತು: ದೇಶದ ಬ್ಯಾಂಕುಗಳಿಗೆಂದೇ ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಡೊಮೇನ್ ಬರಲಿದೆ. ಏಪ್ರಿಲ್ 22ರ ಸುತ್ತೋಲೆ ಅದಕ್ಕೆ ಗಡುವು ಹಾಕಿತು. ವಾಣಿಜ್ಯ ಬ್ಯಾಂಕುಗಳಿಂದ ಹಿಡಿದು ಪಟ್ಟಣ ಸಹಕಾರಿ ಬ್ಯಾಂಕುಗಳವರೆಗೆ ಎಲ್ಲವೂ ಅಕ್ಟೋಬರ್ 31ರೊಳಗೆ ತಮ್ಮ ಹಳೆಯ ಡೊಮೇನಿನಿಂದ ಹೊಸದಕ್ಕೆ ಹೋಗಬೇಕಿತ್ತು. ನೋಂದಣಿಯ ಅಧಿಕಾರ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಗೆ ಮಾತ್ರ.

ಉದ್ದೇಶ ನಕಲಿ ಬ್ಯಾಂಕ್ ತಾಣಗಳಿಗೆ ಕಡಿವಾಣ ಹಾಕುವುದು. ಯೋಜನೆ ಒಳ್ಳೆಯದು, ತಡವಾಗಿಯಾದರೂ ಬಂತು. ಆದರೆ ಡೊಮೇನ್ ಬದಲಾವಣೆಯ ಗುಣವನ್ನು ಅಳೆಯಬೇಕಾದದ್ದು ಹಳೆಯ ಹೆಸರನ್ನು ನಂಬಿದ್ದವರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಿಂದ. ಆ ಅಳತೆಯಲ್ಲಿ ಈ ಯೋಜನೆ ಅರ್ಧ ದಾರಿಯಲ್ಲಿದೆ.

ಮೊದಲು ಗೆದ್ದ ಕಡೆ ನೋಡೋಣ. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಸಹಕಾರಿ ಬ್ಯಾಂಕ್ ಮೂರೂ ಒಂದೇ ಬೀದಿಯಲ್ಲಿರುತ್ತವೆ. ಠೇವಣಿ ಇಡುವವರ ಬಾಯಲ್ಲಿ ಮೂರೂ ಬ್ಯಾಂಕೇ. ಕಾನೂನು ಹಾಗೆ ನೋಡುವುದಿಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕಿನ ಪ್ರತಿ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮಾ ನಿಗಮದ (ಡಿಐಸಿಜಿಸಿ) ವಿಮೆ ಇದೆ. ಸಂಘದ ಠೇವಣಿಗೆ ಅದಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಹಾಕಿಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿಯೂ ಇತ್ತು. ಬೀದಿಯ ಬೋರ್ಡುಗಳ ಮೇಲೆ ಜಾರಿ ಮಾಡಲು ಹೆಣಗಬೇಕಾದ ಈ ಗೆರೆ ಜಾಲದಲ್ಲಿ ತಾನಾಗಿಯೇ ಬೀಳುತ್ತದೆ. ಪರವಾನಗಿ ಇಲ್ಲದವರಿಗೆ ಈ ಹೆಸರು ಸಿಗುವುದಿಲ್ಲ. ಹಾಗೆಂದು ವಿಳಾಸಕ್ಕೆ ಇಲ್ಲದ ಗುಣ ಹಚ್ಚುವುದೂ ಬೇಡ. ಅದು ಪರವಾನಗಿಗೆ ಸಾಕ್ಷಿಯೇ ಹೊರತು ಬ್ಯಾಂಕಿನ ಆರೋಗ್ಯಕ್ಕಲ್ಲ. 2020ರ ಜನವರಿಯಲ್ಲಿ ನಿರ್ಬಂಧಕ್ಕೆ ಒಳಗಾದ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೂ ಪರವಾನಗಿ ಇತ್ತು.

ಹೆಸರು ಆರಿಸಿಕೊಂಡ ರೀತಿಯಲ್ಲಿ ಶಿಸ್ತು ಕಡಿಮೆ. ಸ್ಟೇಟ್ ಬ್ಯಾಂಕ್ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’ ಆಯಿತು, ಐಸಿಐಸಿಐ ಕೂಡ ಅದೇ ಮಾದರಿ ಹಿಡಿಯಿತು. ಆದರೆ ಕೆನರಾ ಬ್ಯಾಂಕ್ ‘ಕೆನರಾಬ್ಯಾಂಕ್ ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಬ್ಯಾಂಕನ್ನು ಎರಡು ಸಲ ಬರೆದುಕೊಂಡಿತು. ಗ್ರಾಹಕ ಊಹಿಸಿ ಟೈಪ್ ಮಾಡುವಂತಿಲ್ಲ. ಸ್ಟೇಟ್ ಬ್ಯಾಂಕಿನದು ಇನ್ನೂ ವಿಚಿತ್ರ. ‘ಡಾಟ್ ಎಸ್‌ಬಿಐ’ ಎಂಬ ಅಂತ್ಯನಾಮವೇ ಅದರ ಸ್ವಂತದ್ದು. ಬೇರೆ ಯಾರಿಗೂ ಅದರಡಿ ಹೆಸರು ಸಿಗದು. ಭದ್ರತೆಯ ದೃಷ್ಟಿಯಿಂದ ಆಗಲೇ ಗಟ್ಟಿಯಾಗಿದ್ದ ಆ ವಿಳಾಸವನ್ನು ಬಿಟ್ಟು ಬರಬೇಕಾದದ್ದು ಏಕರೂಪತೆಗಾಗಿ. ಎಲ್ಲ ಬ್ಯಾಂಕಿಗೂ ಒಂದೇ ಗುರುತಿದ್ದರೆ ಜನರಿಗೆ ಕಲಿಸುವುದು ಸುಲಭ ಎಂಬ ವಾದ ಒಪ್ಪತಕ್ಕದ್ದೇ. ಆದರೆ ಆ ಬ್ಯಾಂಕಿನ ಗ್ರಾಹಕರು ಮತ್ತೊಮ್ಮೆ ವಿಳಾಸ ಬದಲಾಯಿಸಿಕೊಂಡರು.

ತಾಣ ಸಾಗಿಸುವ ಕೆಲಸ ಎಂಜಿನಿಯರುಗಳಿಗೆ ಹೊಸದಲ್ಲ. ಡಿಎನ್‌ಎಸ್ ದಾಖಲೆಯ ಟಿಟಿಎಲ್ ಅನ್ನು (ಹಳೆಯ ಮಾಹಿತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಅವಧಿಯನ್ನು) ಕೆಲವು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿಕೊಂಡರೆ ಬದಲಾವಣೆ ಬೇಗ ಹರಡುತ್ತದೆ. ಹಳೆಯ ತಾಣದ ಒಂದೊಂದು ಪುಟವನ್ನೂ ಹೊಸ ತಾಣದ ಅದೇ ಪುಟಕ್ಕೆ ‘ಶಾಶ್ವತವಾಗಿ ಸ್ಥಳಾಂತರ’ ಎನ್ನುವ 301 ಸೂಚನೆಯಿಂದ ಜೋಡಿಸಬೇಕು. ಎಲ್ಲರನ್ನೂ ಮುಖಪುಟಕ್ಕೆ ತಂದು ಬಿಡುವುದು ಸೋಮಾರಿತನ. ಅನೇಕರು ಮರೆಯುವ ಸಂಗತಿಯೊಂದಿದೆ: ಹಳೆಯ ಡೊಮೇನಿನ ಪ್ರಮಾಣಪತ್ರವನ್ನೂ ನವೀಕರಿಸುತ್ತಲೇ ಇರಬೇಕು. ಅದರ ಅವಧಿ ಮುಗಿದರೆ 301 ಓದುವ ಮೊದಲೇ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ಈ ಜೋಡಣೆಯನ್ನು ಕನಿಷ್ಠ ಒಂದು ವರ್ಷ ಉಳಿಸಿ ಎಂದು ಗೂಗಲ್ ಹೇಳುವುದು ಹುಡುಕಾಟದ ಲೆಕ್ಕದಲ್ಲಿ. ಪಾಸ್‌ಬುಕ್ಕಿನ ಮೇಲೆ ಅಚ್ಚಾದ ವಿಳಾಸದ ಆಯುಷ್ಯ ಅದಕ್ಕಿಂತ ದೊಡ್ಡದು.

ಯಂತ್ರ ದಾಟಿದರೂ ಅಭ್ಯಾಸ ದಾಟುವುದು ಕಷ್ಟ. ಬ್ರೌಸರ್ ಉಳಿಸಿಟ್ಟ ಪಾಸ್‌ವರ್ಡ್ ಡೊಮೇನಿಗೆ ಅಂಟಿಕೊಂಡಿರುತ್ತದೆ; ನಕಲಿ ತಾಣ ತೆರೆದರೆ ಅದು ತುಂಬಿಕೊಳ್ಳುವುದಿಲ್ಲ. ತಾಣ ನಕಲಿ ಎಂದು ತಿಳಿಯಲು ಇದೊಂದು ಒಳ್ಳೆಯ ಸೂಚನೆ. ಈಗ ಅಸಲಿ ಬ್ಯಾಂಕಿನ ಹೊಸ ತಾಣದಲ್ಲೂ ಅದು ತುಂಬಿಕೊಳ್ಳದೆ ಕೂತಾಗ, ಅನುಮಾನ ಬಂದರೂ ಕೈಯಿಂದಲೇ ಟೈಪ್ ಮಾಡಿ ಎಂದು ನಾವೇ ಜನರಿಗೆ ಹೇಳಿಕೊಟ್ಟಂತಾಯಿತು. ವಿಳಾಸ ಬದಲಾಗುವ ತಿಂಗಳುಗಳು ವಂಚಕರಿಗೆ ಹಬ್ಬ. ‘ನಿಮ್ಮ ಖಾತೆ ಹೊಸ ವಿಳಾಸಕ್ಕೆ ವರ್ಗವಾಗಿದೆ, ಇಲ್ಲಿ ಒತ್ತಿ’ ಎಂಬ ಸಂದೇಶ ಆಗ ನಿಜದ ಹಾಗೆಯೇ ಕೇಳಿಸುತ್ತದೆ. ಕರಾವಳಿಯ ಎಷ್ಟೋ ಮನೆಗಳು ಇಂಥ ಗೊಂದಲವನ್ನು ಈ ಮೊದಲೂ ಕಂಡಿವೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. 2021ರ ಜುಲೈ 1ರಿಂದ ಅದರ ಹಳೆಯ ಐಎಫ್‌ಎಸ್‌ಸಿ ಕೋಡುಗಳು ನಿಂತವು. ಆ ಗ್ರಾಹಕರಿಗೆ ಇದು ಇನ್ನೊಂದು ಸುತ್ತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಬೇಕಾದದ್ದು, ಕಡಿಮೆ ಚರ್ಚೆಯಾಗಿರುವುದು ಮೇಲ್ ವಿಷಯ. ತಾಣವನ್ನು ಒಂದು ರಾತ್ರಿಯಲ್ಲಿ ಸಾಗಿಸಬಹುದು, ಮೇಲ್ ವಿಳಾಸ ಸಾಗಲು ವರ್ಷಗಳು ಬೇಕು. ಶಾಖೆಯ ಮೇಲ್ ವಿಳಾಸ ಗ್ರಾಹಕರ ಫೋನಿನಲ್ಲಿ, ಲೆಕ್ಕಪರಿಶೋಧಕರ ಕಡತದಲ್ಲಿ, ನ್ಯಾಯಾಲಯದ ನೋಟಿಸಿನಲ್ಲಿ, ಇತರ ತಾಣಗಳ ಲಾಗಿನ್ ಐಡಿಯಾಗಿ ಕೂತಿರುತ್ತದೆ. ಹಾಗಾಗಿ ಹಳೆಯ ವಿಳಾಸಕ್ಕೆ ಬಂದ ಮೇಲ್ ಹೊಸ ಪೆಟ್ಟಿಗೆಗೆ ಬೀಳುವ ವ್ಯವಸ್ಥೆ ಮೊದಲ ದಿನದಿಂದಲೇ ಇರಬೇಕು. ಕಳಿಸುವ ಕಡೆಯ ಕಷ್ಟ ಬೇರೆ. ಹೊಸ ಡೊಮೇನಿಗೆ ಮೇಲ್ ಅಸಲಿ ಎಂದು ಸಾರುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಸರಿಯಾಗಿ ಬರೆದರೂ ಅದು ಹೊಸಬ; ಮೇಲ್ ಪಡೆಯುವ ಸರ್ವರ್‌ಗಳ ಬಳಿ ಅದಕ್ಕೆ ಇನ್ನೂ ಹೆಸರಿಲ್ಲ. ಮೊದಲ ದಿನವೇ ಲಕ್ಷಗಟ್ಟಲೆ ಸ್ಟೇಟ್‌ಮೆಂಟ್ ಕಳಿಸಿದರೆ ಸ್ಪ್ಯಾಮ್ ಪೆಟ್ಟಿಗೆ ಸೇರುವ ಅಪಾಯವಿದೆ. ದಿನದಿನಕ್ಕೆ ಸಂಖ್ಯೆ ಹೆಚ್ಚಿಸುತ್ತ ಹೋಗಬೇಕು.

ಹಳೆಯ ಡೊಮೇನಿನಿಂದ ಮೇಲ್ ಕಳಿಸುವುದು ಪೂರ್ತಿ ನಿಂತ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಅದರ ಎಸ್‌ಪಿಎಫ್ ದಾಖಲೆಯಲ್ಲಿ ‘ಈ ಹೆಸರಿನಿಂದ ಯಾವ ಸರ್ವರ್ ಕೂಡ ಮೇಲ್ ಕಳಿಸುವುದಿಲ್ಲ’ ಎಂದು ಬರೆಯಬೇಕು, ಡಿಮಾರ್ಕ್‌ನಲ್ಲಿ ‘ಬಂದರೆ ತಿರಸ್ಕರಿಸಿ’ ಎನ್ನಬೇಕು. ಎರಡು ಸಾಲಿನ ಕೆಲಸ. ಇದನ್ನು ಮಾಡದಿದ್ದರೆ ಜನ ಇಪ್ಪತ್ತು ವರ್ಷ ನಂಬಿದ ಹೆಸರಿನಲ್ಲಿ ಖೋಟಾ ಮೇಲ್ ಕಳಿಸಲು ದಾರಿ ತೆರೆದಿಟ್ಟಂತೆ. ಹಳೆಯ ಡೊಮೇನನ್ನು ನವೀಕರಿಸದೆ ಕೈಬಿಟ್ಟರಂತೂ ಅದು ಮಾರುಕಟ್ಟೆಗೆ ಬರುತ್ತದೆ. ಕೊಂಡವನಿಗೆ ಆ ಬ್ಯಾಂಕಿನ ಹಳೆಯ ವಿಳಾಸಗಳಿಗೆ ಬರುವ ಅಷ್ಟೂ ಮೇಲ್ ಸಿಗುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿಗಳೂ ಸೇರಿ.

ಹಳೆಯ ಹೆಸರು ಎಷ್ಟು ದಿನ ಬೆನ್ನಟ್ಟುತ್ತದೆ ಎನ್ನಲು ಟ್ವಿಟರ್ ಸಾಕು. 2023ರ ಜುಲೈನಲ್ಲಿ ಅದು ಎಕ್ಸ್ ಆಯಿತು. ವಿಳಾಸ ಬದಲಾದದ್ದು 2024ರ ಮೇ ತಿಂಗಳಲ್ಲಿ. ನಡುವೆ ಏಪ್ರಿಲ್‌ನಲ್ಲಿ ಅದರ ಐಫೋನ್ ಆ್ಯಪ್ ಪೋಸ್ಟುಗಳಲ್ಲಿ ‘ಟ್ವಿಟರ್ ಡಾಟ್ ಕಾಮ್’ ಎಂಬ ಅಕ್ಷರಗಳು ಕಂಡಲ್ಲೆಲ್ಲ ‘ಎಕ್ಸ್ ಡಾಟ್ ಕಾಮ್’ ಎಂದು ತೋರಿಸತೊಡಗಿತು. ‘ನೆಟ್‌ಫ್ಲಿಟ್ವಿಟರ್ ಡಾಟ್ ಕಾಮ್’ ಎಂಬ ಬೇರೆಯದೇ ಡೊಮೇನ್ ಕಣ್ಣಿಗೆ ‘ನೆಟ್‌ಫ್ಲಿಕ್ಸ್ ಡಾಟ್ ಕಾಮ್’ ಆಗಿ ಕಂಡಿತು. ಒತ್ತಿದರೆ ಹೋಗುತ್ತಿದ್ದದ್ದು ಮೊದಲನೆಯದಕ್ಕೆ. ಅವಸರದ ಒಂದು ಬದಲಾವಣೆ ವಂಚಕರ ಕೆಲಸವನ್ನು ತಾನೇ ಮಾಡಿಕೊಟ್ಟಿತ್ತು. 2025ರ ನವೆಂಬರ್‌ನಲ್ಲೂ ಪಾಸ್‌ಕೀ ಬಳಸುವ ಎಕ್ಸ್ ಬಳಕೆದಾರರು ಮತ್ತೆ ನೋಂದಾಯಿಸಿಕೊಳ್ಳಬೇಕಾಯಿತು, ಏಕೆಂದರೆ ಆ ಲಾಗಿನ್ ಕೀಲಿಗಳು ಹಳೆಯ ಡೊಮೇನಿಗೇ ಕಟ್ಟಿಕೊಂಡಿದ್ದವು.

ಕೊನೆಗೆ ಓದುವವರ ಮಾತು. ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ‘ಬ್ಯಾಂಕ್ ಡಾಟ್ ಇನ್’ ಡೊಮೇನ್ ಹೆಸರಿನ ಕಟ್ಟಕಡೆಯಲ್ಲಿದ್ದರೆ ಮಾತ್ರ ನಂಬಿಕೆಗೆ ಅರ್ಹ. ಅದರ ನಂತರ ಇನ್ನೊಂದು ಡಾಟ್ ಕಾಮ್ ಅಂಟಿದರೆ, ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಬಂದರೆ ಅದು ಬೇರೆಯವರ ತಾಣ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವ ಹಿರಿಯರಿಗೆ ಇದನ್ನು ಹೇಳಿಕೊಡುವವರು ಯಾರು? ‘ಡಾಟ್ ಭಾರತ’ ಎಂದು ಕನ್ನಡದಲ್ಲೇ ಬರೆಯುವ ಡೊಮೇನ್ ಇರುವಾಗ ಬ್ಯಾಂಕುಗಳಿಗೆ ಆ ದಾರಿಯನ್ನು ಯೋಚಿಸದೇ ಇದ್ದದ್ದು ಕೊರತೆಯೇ. ಫೋನ್ ಮಾಡಿ ಒಟಿಪಿ ಕೇಳುವವನಿಗೆ, ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಕಡತ ಕಳಿಸುವವನಿಗೆ ಯಾವ ಡೊಮೇನೂ ಅಡ್ಡಿಯಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಹಾಗಾದರೆ ಯೋಜನೆ ಬೇಡವಾಗಿತ್ತೇ? ಖಂಡಿತ ಬೇಕಿತ್ತು. ಪರವಾನಗಿಯನ್ನು ವಿಳಾಸದಲ್ಲೇ ಓದುವಂತೆ ಮಾಡಿದ್ದು ದೊಡ್ಡ ಕೆಲಸ. ಉಳಿದರ್ಧಕ್ಕೆ ಗಡುವಿನಷ್ಟೇ ಗಟ್ಟಿಯಾದ ಮೂರು ನಿಯಮಗಳು ಸಾಕು: ಬ್ಯಾಂಕು ಹಳೆಯ ಡೊಮೇನನ್ನು ಎಂದೂ ಕೈಬಿಡಬಾರದು, ಅದರಿಂದ ಮೇಲ್ ಹೊರಡದಂತೆ ಬೀಗ ಹಾಕಬೇಕು, ವಿಳಾಸ ಬದಲಾದ ಸುದ್ದಿ ತಿಳಿಸುವ ಸಂದೇಶದಲ್ಲಿ ಒತ್ತುವ ಕೊಂಡಿ ಇರಬಾರದು. ಮೂರಕ್ಕೂ ತಗಲುವ ಖರ್ಚು ಒಂದು ಶಾಖೆಯ ಬೋರ್ಡು ಬದಲಿಸುವುದಕ್ಕಿಂತ ಹೆಚ್ಚಾಗದು.