ಹಳೆಯ ಮನೆಗೆ ಕೂಡಿಸಿದ ಹೊಸ ಭಾಗ

ಅಮೆರಿಕದ ಚಾರ್ಲ್ಸ್‌ಟನ್ ನಗರವು 1931ರಲ್ಲಿ ತನ್ನ ಪುರಾತನ ಭಾಗವನ್ನು ಗುರುತಿಸಿ, ಅಲ್ಲಿಯ ಕಟ್ಟಡಗಳ ಹೊರರೂಪದ ಬದಲಾವಣೆಗಳನ್ನು ಪರಿಶೀಲಿಸಲು ಒಂದು ಮಂಡಲಿಯನ್ನು ನಿಯಮಿಸಿತು. ಆ ದೇಶದಲ್ಲಿ ಇಂಥ ನಿಬಂಧನೆಗೆ ಇದೇ ಮೊದಲು. ಇಂತಹ ಮಂಡಲಿಗಳು ಈಗ ಬಹುಮಟ್ಟಿಗೆ ಪ್ರಮಾಣವಾಗಿ ಹಿಡಿದಿರುವುದು ಒಕ್ಕೂಟ ಸರಕಾರದ 1977ರ ಜೀರ್ಣೋದ್ಧಾರ ಸೂತ್ರಗಳನ್ನು. ಅವುಗಳಲ್ಲಿ ಒಂಬತ್ತನೆಯದು, 1990ರ ಪರಿಷ್ಕೃತ ರೂಪದಲ್ಲಿ, ಹೊಸ ಕೆಲಸವು ಹಳೆಯದರಿಂದ ಬೇರೆಯಾಗಿ ತೋರಬೇಕು, ಗಾತ್ರ ಪ್ರಮಾಣಾದಿಗಳಲ್ಲಿ ಅದಕ್ಕೆ ಹೊಂದಿಯೂ ಇರಬೇಕು ಎಂದು ವಿಧಿಸುತ್ತದೆ.

ಮೇಲುನೋಟಕ್ಕೆ ಇದು ವಿರೋಧ. ಆದರೆ ಗ್ರಂಥಸಂಪಾದನೆ ಮಾಡಿದವರಿಗೆ ಹೊಸತಲ್ಲ: ಗ್ರಂಥಪಾತವಾದೆಡೆ ಸಂಪಾದಕನು ತುಂಬಿದ ಅಕ್ಷರವು ಛಂದಸ್ಸಿಗೂ ಹೊಂದಬೇಕು, ಕಂಸದೊಳಗೂ ಇರಬೇಕು. ಕಂಸವಿಲ್ಲದ ಪೂರಣವು ಪ್ರಕ್ಷೇಪವೇ ಸರಿ.

ತೊಡಕು ಇರುವುದು ಬೇರೆಡೆ. ಚಾರ್ಲ್ಸ್‌ಟನ್ನಿನ ‘ಸಿಂಗಲ್ ಹೌಸ್’ ಒಂದು ಕೋಣೆಯಷ್ಟೇ ಅಗಲವಾಗಿ, ಕಿರಿದಾದ ಪಕ್ಕವನ್ನು ಬೀದಿಗೆ ಮಾಡಿ ನಿಂತ ಮನೆ. ಉದ್ದಕ್ಕೂ ಸಾಗುವ ‘ಪಿಯಾಜಾ’ ಎಂಬ ಮೊಗಸಾಲೆಯೇ ಅದರ ಲಕ್ಷಣ. ಆ ಮೊಗಸಾಲೆಯೋ, ಎಷ್ಟೋ ಮನೆಗಳಿಗೆ ಆಮೇಲೆ ಕೂಡಿಸಿದುದು! ಕೂಡಿಸಿದುದನ್ನು ಮುಂದೆ ತೆಗೆದರೂ ಮೂಲರೂಪವು ಕೆಡಬಾರದೆಂಬುದು ಹತ್ತನೆಯ ಸೂತ್ರ. ಪಿಯಾಜಾವನ್ನು ತೆಗೆದರೆ ಉಳಿಯುವುದನ್ನು ಚಾರ್ಲ್ಸ್‌ಟನ್ನಿನ ಮನೆಯೆಂದು ಯಾರು ಗುರುತಿಸುವರು? ಮೂಲವೆಂಬುದೇ ಇಲ್ಲಿ ಪದರಪದರವಾಗಿದೆ.

ಆದುದರಿಂದ ಭೇದವನ್ನೇ ಮುಂದುಮಾಡಿ, ಗಾಜಿನ ಪೆಟ್ಟಿಗೆಯೊಂದನ್ನು ಬೆನ್ನಿಗೆ ಅಂಟಿಸಿದ ನಕ್ಷೆಗೆ ಒಪ್ಪಿಗೆ ಕೊಡುವುದು ಸೂತ್ರವನ್ನು ಅರ್ಧ ಓದಿದಂತೆ. ಎತ್ತರ, ಅಗಲ, ಛಾವಣಿಯ ಇಳಿಜಾರುಗಳಲ್ಲಿ ಪರಿಶೀಲಕರು ಹೊಂದಿಕೆಯನ್ನೇ ಬೇಡಲಿ; ಭೇದಕ್ಕೆ ಗೋಡೆಗಳು ಸೇರುವಲ್ಲಿ ತುಸು ಹಿಂದೆ ಸರಿದ ಒಂದು ಸಂದು ಸಾಕು.